ಪ್ಯಾರಿಸಿಗೆ ಹೋದ ಇಮಾಮರು: ಶೇಖ್ ರಿಫಾ ತಹ್ತಾವಿ

ಪರದೇಶಕ್ಕೆ ಹೊರಟು ನಿಂತವನನ್ನು ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಸಂಬಳದ್ದಲ್ಲ, ಊಟದ್ದು. ಎರಡನೆಯದು ದೇವರದ್ದು. ಹೊಟ್ಟೆಗೆ ಏನು ಸಿಗುತ್ತದೆ, ಸಿಕ್ಕಿದ್ದು ತಿನ್ನಬಹುದಾದದ್ದೋ ಅಲ್ಲವೋ, ಪ್ರಾರ್ಥನೆಗೆ ಒಂದು ಸ್ಥಳವುಂಟೋ ಇಲ್ಲವೋ, ಇಷ್ಟು ತಿಳಿದರೆ ತಾಯಿಯಾದವಳಿಗೆ ಅರ್ಧ ಸಮಾಧಾನ. ನಮ್ಮ ಕಾಸರಗೋಡಿನ ಕಡೆಯಿಂದ ಗಲ್ಫ್ ನಾಡುಗಳಿಗೆ ಹೋಗುವ ಮುಸ್ಲಿಂ ಯುವಕರಿಗೆ ಈ ಪ್ರಶ್ನೆಗಳು ಹೆಚ್ಚು ತೊಡಕು ಕೊಡುವುದಿಲ್ಲ. ಯುರೋಪಿನ ನಗರಗಳಿಗೆ ಹೋಗುವವರಿಗೆ ಮಾತ್ರ ಅವು ಇಂದಿಗೂ ಉಂಟು. ಅಂಥವರಿಗಾಗಿ ಈಗ ಕೈಪಿಡಿಗಳಿವೆ. ಯಾವ ಬೀದಿಯಲ್ಲಿ ಹಲಾಲ್ ಊಟ ಸಿಗುತ್ತದೆ, ಶುಕ್ರವಾರದ ನಮಾಜಿಗೆ ಯಾವ ಮಸೀದಿ ಹತ್ತಿರ ಎಂಬುದನ್ನೆಲ್ಲ ಅವು ತಿಳಿಸುತ್ತವೆ.

ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಥ ಕೈಪಿಡಿ ಇರಲಿಲ್ಲ, ಮಸೀದಿಯೂ ಇರಲಿಲ್ಲ. ಆ ಕಾಲದಲ್ಲಿ ಪ್ಯಾರಿಸಿಗೆ ಹೋದ ಈಜಿಪ್ಟಿನ ಒಬ್ಬ ಮುಸ್ಲಿಂ ಪಂಡಿತರು ಅಲ್ಲಿಯ ಊಟ, ಉಡುಗೆ, ಮನೆ, ಸ್ನಾನ, ಆಸ್ಪತ್ರೆ, ಕಾನೂನು, ಧರ್ಮ ಎಲ್ಲವನ್ನೂ ಕಣ್ಣಾರೆ ಕಂಡು ತಮ್ಮ ನಾಡಿನವರಿಗಾಗಿ ಬರೆದಿಟ್ಟರು. ಅವರೇ ಶೇಖ್ ರಿಫಾ ರಾಫಿ ಅಲ್ ತಹ್ತಾವಿ. ಈಜಿಪ್ಟಿನಲ್ಲಿ ಓದುಬರಹ ಬಲ್ಲವರೆಲ್ಲರಿಗೂ ಪರಿಚಿತವಾದ ಈ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದದ್ದಲ್ಲ. ಆದ್ದರಿಂದ ಅವರ ಜೀವನವನ್ನು ಓದುಗರ ಮುಂದಿಡಲು ಬಯಸುತ್ತೇವೆ.

ತಹ್ತಾದಿಂದ ಅಜ್‌ಹರಿಗೆ

ನೈಲ್ ನದಿಯ ದಂಡೆಯ ಮೇಲಣ ಈಜಿಪ್ಟಿನಲ್ಲಿ ತಹ್ತಾ ಎಂಬ ಊರಿದೆ. ರಿಫಾ ಅವರು ಹುಟ್ಟಿದ್ದು ಅಲ್ಲಿ, 1801ರ ಅಕ್ಟೋಬರದಲ್ಲಿ. ಆ ವರ್ಷವೇ ನೆಪೋಲಿಯನ್ನನ ಫ್ರೆಂಚ್ ಸೇನೆ ಈಜಿಪ್ಟನ್ನು ಬಿಟ್ಟು ಹೋಯಿತು. ಪ್ರವಾದಿಗಳ ವಂಶದವರೆಂದು ಹೇಳಿಕೊಳ್ಳುವ ಗೌರವಸ್ಥ ಮನೆತನ ಅವರದು. ಆದರೆ ಹೊಸ ಆಡಳಿತಗಾರ ಮುಹಮ್ಮದ್ ಅಲಿ ಪಾಶಾ ಹಳೆಯ ಭೂಕಂದಾಯದ ಹಕ್ಕುಗಳನ್ನು ರದ್ದುಪಡಿಸಿದಾಗ ಮನೆತನದ ಆದಾಯ ನಿಂತುಹೋಯಿತು. ತಂದೆ ಮಗನನ್ನು ಕರೆದುಕೊಂಡು ನೆಂಟರಿಷ್ಟರ ಊರುಗಳನ್ನು ಸುತ್ತಬೇಕಾಯಿತು. ತಂದೆ ತೀರಿಕೊಂಡ ಮೇಲೆ ತಾಯಿಯ ಕಡೆಯ ವಿದ್ವಾಂಸರೇ ಹುಡುಗನಿಗೆ ಗುರುಗಳಾದರು.

1817ರಲ್ಲಿ ರಿಫಾ ಕೈರೋದ ಅಲ್ ಅಜ್‌ಹರ್ ವಿದ್ಯಾಪೀಠವನ್ನು ಸೇರಿದರು. ಅಲ್ಲಿ ದೊರೆತ ಗುರು ಹಸನ್ ಅಲ್ ಅತ್ತಾರ್. ಫ್ರೆಂಚರು ಈಜಿಪ್ಟಿನಲ್ಲಿದ್ದ ಕಾಲದಲ್ಲಿ ಅವರ ವಿದ್ವಾಂಸರ ಒಡನಾಟ ಮಾಡಿದ್ದವರು ಇವರು. ಭೂಗೋಳ, ಇತಿಹಾಸ, ವೈದ್ಯ ಮುಂತಾದ ವಿದ್ಯೆಗಳ ಕಡೆಗೂ ಶಿಷ್ಯನ ಗಮನ ತಿರುಗಿಸಿದರು. ಒಳ್ಳೆಯ ಗುರು ಸಿಕ್ಕಿದರೆ ಶಿಷ್ಯನ ಹಣೆಬರಹ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. 1824ರಲ್ಲಿ ರಿಫಾ ಪಾಶಾನ ಹೊಸ ಸೇನೆಯ ಒಂದು ದಳಕ್ಕೆ ಇಮಾಮರಾದರು. ಎರಡು ವರ್ಷದ ಬಳಿಕ ಪಾಶಾ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಫ್ರಾನ್ಸಿಗೆ ಕಳುಹಿಸಲು ನಿರ್ಧರಿಸಿದಾಗ, ಅವರಿಗೆ ನಮಾಜು ಮಾಡಿಸಲು, ಧರ್ಮದ ಹಾದಿ ತಪ್ಪದಂತೆ ನೋಡಿಕೊಳ್ಳಲು ಇಮಾಮರು ಬೇಕಾದರು. ಅತ್ತಾರರು ಸೂಚಿಸಿದ್ದು ತಮ್ಮ ಶಿಷ್ಯನ ಹೆಸರನ್ನು. ಜತೆಗೆ, ಕಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳಬೇಕೆಂದು ಬುದ್ಧಿ ಹೇಳಿ ಕಳುಹಿಸಿದರು.

ಹಾದಿಯಲ್ಲಿ ರಂಜಾನ್

1826ರ ಏಪ್ರಿಲಿನಲ್ಲಿ ಅಲೆಕ್ಸಾಂಡ್ರಿಯಾದಿಂದ ಫ್ರೆಂಚ್ ಹಡಗು ಹೊರಟಿತು. ಆ ವರ್ಷ ರಂಜಾನ್ ತಿಂಗಳು ಆಗಷ್ಟೆ ಆರಂಭವಾಗಿತ್ತು. ಹಬ್ಬವೂ ಪ್ರಯಾಣದ ನಡುವೆಯೇ ಬಂತು. ದಾರಿಯಲ್ಲಿ ಸಿಸಿಲಿಯ ಮೆಸ್ಸೀನಾ ಬಂದರಿನಲ್ಲಿ ಹಡಗು ಕೆಲವು ದಿನ ನಿಂತಿತು. ಇಳಿಯಲು ಅಪ್ಪಣೆ ಇರಲಿಲ್ಲ. ಊರಿನೊಳಗಿಂದ ಇಗರ್ಜಿಯ ಗಂಟೆಗಳ ನಾದ ಕೇಳುತ್ತಿತ್ತು. ಆ ನಾದ ತಮಗೆ ಬಹಳ ಹಿಡಿಸಿತೆಂದು ಈ ಇಮಾಮರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತನ್ನ ಧರ್ಮದಲ್ಲಿ ಗಟ್ಟಿಯಾಗಿ ನಿಂತವನಿಗೆ ಪರರ ಗಂಟೆಯ ಇಂಪನ್ನು ಇಂಪೆಂದು ಒಪ್ಪಲು ಅಂಜಿಕೆಯಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಮೇ ತಿಂಗಳಲ್ಲಿ ಹಡಗು ಮಾರ್ಸೇಲ್ಸ್ ಬಂದರನ್ನು ಮುಟ್ಟಿತು. ಮೊದಲು ಕ್ವಾರಂಟೈನ್. 2020ರ ಕೊರೊನಾ ಕಾಲದಲ್ಲಿ ನಮ್ಮ ಹಳ್ಳಿಗಳಿಗೂ ಪರಿಚಯವಾದ ಈ ಕ್ರಮ ಆಗ ಯುರೋಪಿನ ಬಂದರುಗಳಲ್ಲಿ ಕಟ್ಟುನಿಟ್ಟಾಗಿತ್ತು. ಆ ದಿಗ್ಬಂಧನದ ಮನೆಯಲ್ಲಿಯೇ ತಹ್ತಾವಿಯವರಿಗೆ ಯುರೋಪಿನ ಊಟದ ಮೊದಲ ಪಾಠವಾಯಿತು.

ಮೇಜು, ಕುರ್ಚಿ, ಮುಳ್ಳುಚಮಚ

ಚಾಪೆಯ ಮೇಲೆ ಕುಳಿತು, ನಡುವೆ ಇಟ್ಟ ದೊಡ್ಡ ತಟ್ಟೆಯಿಂದ ಎಲ್ಲರೂ ಕೈಯಿಂದ ಉಣ್ಣುವುದು ಅವರ ನಾಡಿನ ರೂಢಿ. ಇಲ್ಲಿ ಮೊದಲು ಕುರ್ಚಿಗಳು ಬಂದವು. ನೆಲದ ಮೇಲೆ ಕುಳಿತುಕೊಳ್ಳುವುದು ಈ ಜನಕ್ಕೆ ವಿಚಿತ್ರವಾಗಿ ಕಾಣುತ್ತದೆಂದು ಅವರಿಗೆ ತಿಳಿಯಿತು. ಆಮೇಲೆ ಎತ್ತರದ ಮೇಜು, ಅದರ ಸುತ್ತ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ, ಒಂದು ಲೋಟ, ಚಾಕು, ಮುಳ್ಳುಚಮಚ, ಚಮಚ. ಒಬ್ಬರು ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅನ್ನಕ್ಕೆ ಕೈಹಾಕುವುದು ಕೊಳಕೆಂದು ಫ್ರೆಂಚರ ಎಣಿಕೆ. ಇದನ್ನೆಲ್ಲ ತಹ್ತಾವಿಯವರು ನಗೆಯಾಡದೆ, ಹೀಗಳೆಯದೆ, ಪಾಠ ಹೇಳುವ ಕ್ರಮದಲ್ಲಿ ಒಂದೊಂದಾಗಿ ವಿವರಿಸಿದ್ದಾರೆ. ಮೊದಲು ಸೂಪು, ಆಮೇಲೆ ಮಾಂಸ, ತರಕಾರಿ, ಕೊನೆಗೆ ಹಣ್ಣು ಎಂಬ ಅನುಕ್ರಮವೂ ಅದರಲ್ಲಿದೆ.

ಮಾರ್ಸೇಲ್ಸಿನ ಒಂದು ಕಾಫಿ ಅಂಗಡಿಯ ಪ್ರಸಂಗ ಸ್ವಾರಸ್ಯವಾದದ್ದು. ಒಳಗೆ ಹೆಜ್ಜೆಯಿಟ್ಟ ಅವರಿಗೆ ಅದೊಂದು ದೊಡ್ಡ ಪೇಟೆಯ ಬೀದಿಯಂತೆ ಕಂಡಿತು. ಎತ್ತ ನೋಡಿದರೂ ಜನ. ಆ ಜನರ ನಡುವೆ ತಮ್ಮದೇ ಮುಖ ಕಾಣಿಸಿದಾಗ, ಅದು ಗೋಡೆಗಳ ತುಂಬ ಕನ್ನಡಿಯೆಂದು ತಿಳಿಯಿತು. ತಾವು ಮೋಸಹೋದದ್ದನ್ನು ಬಚ್ಚಿಡದೆ ಬರೆದದ್ದು ಅವರ ದೊಡ್ಡತನ.

ಪ್ಯಾರಿಸಿನಲ್ಲಿ ಆಗ ಊಟದ ಮನೆಗಳು ಹೆಚ್ಚುತ್ತಿದ್ದ ಕಾಲ. 1789ರ ಕ್ರಾಂತಿಯ ನಂತರ ಇಂಥ ರೆಸ್ಟೋರೆಂಟುಗಳು ಆ ನಗರದಲ್ಲಿ ಬೀದಿಬೀದಿಗೆ ಎದ್ದಿದ್ದವು. ಮನೆಯಲ್ಲಿ ಸಿಗುವುದೆಲ್ಲವೂ ಅಲ್ಲಿ ಸಿಗುತ್ತದೆ, ಮನೆಯಲ್ಲಿ ಸಿಗದ್ದೂ ಸಿಗುತ್ತದೆಂದು ಅವರು ತಿಳಿಸುತ್ತಾರೆ. ಆದರೆ ಫ್ರೆಂಚರ ಅಡುಗೆ ಅವರ ನಾಲಗೆಗೆ ಹಿಡಿಸಲಿಲ್ಲ. ಹಣ್ಣುಗಳಲ್ಲಿಯೂ ಪೀಚ್ ಒಂದನ್ನು ಬಿಟ್ಟರೆ ಉಳಿದವು ಸಪ್ಪೆಯೆಂದೇ ಅವರ ತೀರ್ಪು. ನೈಲ್ ದಂಡೆಯ ಹಣ್ಣು ತಿಂದು ಬೆಳೆದವರಿಗೆ ಹಾಗೆನಿಸಿದ್ದು ಸಹಜ. ಮದ್ಯದ ಕುರಿತು ಅವರು ಗಮನಿಸಿದ್ದು ಕುತೂಹಲಕರ. ಅಲ್ಲಿ ಬಹುಮಂದಿ ಕುಡಿಯುತ್ತಾರೆ, ಆದರೆ ಕುಡಿದು ತೂರಾಡುವುದನ್ನು ನಾಚಿಕೆಗೇಡೆಂದು ತಿಳಿಯುತ್ತಾರೆ. ಮದ್ಯ ನಿಷಿದ್ಧವಾದ ಅರಬರ ಭಾಷೆಯಲ್ಲಿ ಅದಕ್ಕಿರುವಷ್ಟು ಹೆಸರುಗಳಾಗಲಿ, ಅದನ್ನು ಹೊಗಳುವ ಕಾವ್ಯಗಳಾಗಲಿ ಫ್ರೆಂಚಿನಲ್ಲಿಲ್ಲ! ತಮ್ಮವರ ತಪ್ಪನ್ನೂ ಒಟ್ಟಿಗೇ ತೂಗಿ ನೋಡುವ ಈ ತಕ್ಕಡಿ ಎಲ್ಲ ಪ್ರವಾಸಿಗರ ಕೈಯಲ್ಲಿರುವುದಿಲ್ಲ.

ಮಾಂಸದ ಸಮಸ್ಯೆ

ಎಲ್ಲಕ್ಕಿಂತ ಕಠಿಣವಾದದ್ದು ಮಾಂಸದ ವಿಷಯ. ಮುಸಲ್ಮಾನರಲ್ಲಿ ದೇವರ ಹೆಸರು ಹೇಳಿ, ಹರಿತವಾದ ಕತ್ತಿಯಿಂದ ಕತ್ತು ಕೊಯ್ದು, ರಕ್ತ ಬಸಿದುಹೋದ ಮೇಲೆಯೇ ಮಾಂಸ ತಿನ್ನಲು ಯೋಗ್ಯ. ಪ್ಯಾರಿಸಿನಲ್ಲಿ 1818ರಲ್ಲಿ ಐದು ದೊಡ್ಡ ಸಾರ್ವಜನಿಕ ಕಸಾಯಿಖಾನೆಗಳು ಆರಂಭವಾಗಿದ್ದವು. ಊರ ನಡುವೆ ರಕ್ತ ಹರಿಯಬಾರದೆಂದು ಅವುಗಳನ್ನು ಅಂಚಿನಲ್ಲಿ ಕಟ್ಟಿದ್ದರು. ಅಲ್ಲಿ ಕುರಿಗಳನ್ನು ಕೊಯ್ಯುವ ಬಗೆ ಒಂದು, ಎತ್ತುಗಳನ್ನು ಕೊಲ್ಲುವ ಬಗೆ ಇನ್ನೊಂದು. ಎತ್ತಿನ ತಲೆಗೆ ಮೊದಲು ಕಬ್ಬಿಣದ ಆಯುಧದಿಂದ ಬಲವಾಗಿ ಹೊಡೆದು ಕೆಡವಿ, ಆಮೇಲೆ ಕತ್ತು ಕೊಯ್ಯುತ್ತಿದ್ದರು.

ತಹ್ತಾವಿಯವರು ತಮ್ಮ ಈಜಿಪ್ಟಿನ ಸೇವಕನೊಬ್ಬನನ್ನು, ಕೊಂಡ ಪ್ರಾಣಿಯನ್ನು ತಮ್ಮ ಕ್ರಮದಂತೆ ಕೊಯ್ದು ತರಲೆಂದು ಅಲ್ಲಿಗೆ ಕಳುಹಿಸಿದರು. ಆತ ಎತ್ತುಗಳ ಪಾಡನ್ನು ಕಂಡು ಹೆದರಿ ಓಡಿಬಂದ. ದೇವರು ತನ್ನನ್ನು ಫ್ರೆಂಚರ ನಾಡಿನಲ್ಲಿ ಎತ್ತಾಗಿ ಹುಟ್ಟಿಸಲಿಲ್ಲವಲ್ಲ ಎಂದು ಕೃತಜ್ಞತೆ ಸಲ್ಲಿಸಿದನಂತೆ. ಓದಿದವರಿಗೆ ನಗು ಬರುವ ಪ್ರಸಂಗವಿದು. ಆದರೆ ಅದರ ಹಿಂದೆ, ಮಸೀದಿಯಾಗಲಿ ತಮ್ಮ ಕಟುಕನಾಗಲಿ ಇಲ್ಲದ ಊರಿನಲ್ಲಿ ಧರ್ಮ ಕೆಡದಂತೆ ಒಂದು ಹೊತ್ತಿನ ಊಟ ಹೊಂದಿಸಬೇಕಾದವರ ಪರದಾಟವೂ ಇದೆ.

ಮಸೀದಿಯಿಲ್ಲದ ಊರು

ನಮಾಜಿಗೆ ನಾಲ್ಕು ಗೋಡೆ ಬೇಕೆಂದಿಲ್ಲ. ಶುದ್ಧವಾದ ಸ್ಥಳ, ಮಕ್ಕಾದ ದಿಕ್ಕು, ಸರಿಯಾದ ಹೊತ್ತು ಇಷ್ಟಿದ್ದರೆ ಸಾಕು. ಆದರೆ ಹೊತ್ತೇ ಪ್ಯಾರಿಸಿನಲ್ಲಿ ಕೈಕೊಡುತ್ತದೆ. ಆ ನಗರ ಉತ್ತರ ಅಕ್ಷಾಂಶ 49 ಡಿಗ್ರಿಯ ಹತ್ತಿರ ಇದೆ. ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಸುಮಾರು 16 ಗಂಟೆ, ಡಿಸೆಂಬರಿನಲ್ಲಿ ಅದರ ಅರ್ಧ. ಬೇಸಿಗೆಯಲ್ಲಿ ರಾತ್ರಿಯ ನಮಾಜು ಮುಗಿಸಿ ಮಲಗುವಷ್ಟರಲ್ಲಿ ಬೆಳಗಿನದ್ದಕ್ಕೆ ಏಳಬೇಕು; ಚಳಿಗಾಲದಲ್ಲಿ ಮಧ್ಯಾಹ್ನದ್ದು, ಸಾಯಂಕಾಲದ್ದು, ಸಂಜೆಗತ್ತಲದ್ದು ಒಂದರ ಬೆನ್ನಿಗೆ ಒಂದು. ತಹ್ತಾವಿಯವರು ಇದ್ದ ವರ್ಷಗಳಲ್ಲಿ ರಂಜಾನ್ ಫೆಬ್ರವರಿಯಿಂದ ಏಪ್ರಿಲ್ ತಿಂಗಳ ನಡುವೆ ಬಿದ್ದದ್ದರಿಂದ 16 ಗಂಟೆಯ ಉಪವಾಸ ಅವರಿಗೆ ತಪ್ಪಿತು. ಇಂದಿನ ಪ್ರಯಾಣಿಕರಿಗೂ ಇದು ನೆನಪಿರಬೇಕಾದ ಲೆಕ್ಕ. ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಮೂವತ್ತು ಮೂರು ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಸ್ನಾನದ ಮನೆಗಳನ್ನೂ ಅವರು ಬಿಡಲಿಲ್ಲ. ಪ್ಯಾರಿಸಿನ ಸ್ನಾನಗೃಹಗಳು ಚೊಕ್ಕಟವಾಗಿವೆ, ಒಬ್ಬೊಬ್ಬರಿಗೆ ಒಂದು ತೊಟ್ಟಿ. ಆದರೆ ಕೈರೋದ ಹಮಾಮಿನಂತೆ ಮೈ ಬೆವರಿಸುವ ಬಿಸಿ ಕೋಣೆ ಅಲ್ಲಿಲ್ಲವೆಂದು ಕೊರತೆಯನ್ನೂ ಹೇಳುತ್ತಾರೆ.

ಈಜಿಪ್ಟಿನವರಿಗೆ ನಿಜವಾದ ಭಯ ಇದ್ದದ್ದು ಊಟ ಸ್ನಾನಗಳಲ್ಲಿ ಅಲ್ಲ, ಹುಡುಗರ ಮನಸ್ಸಿನಲ್ಲಿ. ಮಾರ್ಸೇಲ್ಸಿನಲ್ಲಿ ಫ್ರೆಂಚ್ ಸೇನೆಯ ಜತೆ ಹೋಗಿ ನೆಲೆಸಿದ ಈಜಿಪ್ಟಿನವರಿದ್ದರು; ಅವರಲ್ಲಿ ಮತ ಬಿಟ್ಟವರೂ ಇದ್ದರು. ಈಜಿಪ್ಟಿನಲ್ಲಿ ಮುಸಲ್ಮಾನನಾಗಿ ರಶೀದ್ ಊರಿನ ಹೆಣ್ಣನ್ನು ಮದುವೆಯಾದ ಫ್ರೆಂಚ್ ಸೇನಾಪತಿ ಮೆನೂ ತನ್ನ ನಾಡಿಗೆ ಮರಳಿದ ಮೇಲೆ ಹಳೆಯ ಮತಕ್ಕೇ ತಿರುಗಿದ ಕತೆಯನ್ನು ತಹ್ತಾವಿಯವರು ಬರೆದಿದ್ದಾರೆ. ಫ್ರೆಂಚರ ತತ್ತ್ವಶಾಸ್ತ್ರದ ಗ್ರಂಥಗಳನ್ನು ಓದುವವನು ಮೊದಲು ತನ್ನ ಧರ್ಮಗ್ರಂಥದಲ್ಲಿ ಬೇರೂರಿರಬೇಕೆಂದೂ ಎಚ್ಚರಿಸಿದ್ದಾರೆ. ಗಮನಿಸಬೇಕಾದದ್ದೇನೆಂದರೆ ಓದಬೇಡಿರೆಂದು ಅವರು ಹೇಳಲಿಲ್ಲ. ತಾವೇ ವೋಲ್ಟೇರ್, ರೂಸೋ, ಮಾಂಟೆಸ್ಕ್ಯೂ ಎಲ್ಲರನ್ನೂ ಓದಿದರು.

ಇಮಾಮರು ವಿದ್ಯಾರ್ಥಿಯಾದದ್ದು

ಓದಲು ಹೋದದ್ದು ಬೇರೆಯವರು. ತಹ್ತಾವಿಯವರ ಕೆಲಸ ನಮಾಜು ಮಾಡಿಸುವುದಷ್ಟೆ. ಆದರೂ ಅವರು ಫ್ರೆಂಚ್ ಅಕ್ಷರಾಭ್ಯಾಸ ಆರಂಭಿಸಿದರು. ಆಗ ಅವರಿಗೆ ಇಪ್ಪತ್ತೈದರ ಹರೆಯ. ತಮ್ಮ ಸಂಬಳದಿಂದ ಪುಸ್ತಕ ಕೊಂಡರು, ಹೆಚ್ಚಿನ ಪಾಠಕ್ಕೆ ಗುರುವನ್ನು ಗೊತ್ತುಮಾಡಿದರು. ರಾತ್ರಿಯೆಲ್ಲ ಓದಿ ಎಡಗಣ್ಣಿನ ದೃಷ್ಟಿ ಮಂದವಾಯಿತು. ವೈದ್ಯರು ರಾತ್ರಿ ಓದು ಬೇಡವೆಂದರೂ ಬಿಡಲಿಲ್ಲ. ವಿದ್ಯಾರ್ಥಿಗಳೆಲ್ಲ ಒಂದೇ ಮನೆಯಲ್ಲಿದ್ದಾಗ ತಮ್ಮತಮ್ಮಲ್ಲೇ ಮಾತಾಡಿಕೊಂಡು ಫ್ರೆಂಚ್ ಬಾಯಿಗೆ ಹತ್ತಲಿಲ್ಲ. ಬಳಿಕ ಅವರನ್ನು ಚದರಿಸಿ ಬೇರೆ ಬೇರೆ ಮನೆಗಳಲ್ಲಿ ಇರಿಸಿದರು. ಭಾಷೆ ಬರುವುದು ಆ ಭಾಷೆಯವರ ಉಪ್ಪು ಉಂಡಾಗಲೇ ಎಂಬುದನ್ನು ನಮ್ಮ ಗಡಿನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ.

ನೆಪೋಲಿಯನ್ನನ ಜತೆ ಈಜಿಪ್ಟಿಗೆ ಬಂದಿದ್ದ ವಿದ್ವಾಂಸ ಜೋಮಾರ್ ಈ ತಂಡದ ಶಿಕ್ಷಣದ ಮೇಲ್ವಿಚಾರಕರು. ಅರಬಿ ಪಂಡಿತ ಸಿಲ್ವೆಸ್ತರ್ ದ ಸಾಸಿಯವರ ಸ್ನೇಹವೂ ದೊರೆಯಿತು. 1830ರ ಜುಲೈ ತಿಂಗಳ ಮೂರು ದಿನ ಪ್ಯಾರಿಸಿನ ಬೀದಿಗಳಲ್ಲಿ ನಡೆದ ಕ್ರಾಂತಿಯನ್ನು ಅವರು ಹತ್ತಿರದಿಂದ ಕಂಡರು. ಅರಸ ಹತ್ತನೆಯ ಚಾರ್ಲ್ಸ್ ಗದ್ದುಗೆ ಬಿಟ್ಟ. ಅರಸನೂ ಕಟ್ಟಳೆಗೆ ಒಳಪಟ್ಟವನು ಎಂಬ ವಿಚಾರವನ್ನು ಅರಬಿ ಓದುಗರಿಗೆ ತಿಳಿಸಲು ಫ್ರಾನ್ಸಿನ ರಾಜ್ಯ ಸನ್ನದನ್ನು ತಮ್ಮ ಪುಸ್ತಕದಲ್ಲಿ ಭಾಷಾಂತರಿಸಿ ಸೇರಿಸಿದರು. ಅದೇ ವರ್ಷದ ಅಕ್ಟೋಬರದಲ್ಲಿ ನಡೆದ ಪರೀಕ್ಷೆಗೆ ಹನ್ನೆರಡು ಭಾಷಾಂತರಗಳನ್ನು ಒಪ್ಪಿಸಿ ತೇರ್ಗಡೆಯಾದರು. 1831ರಲ್ಲಿ ಊರಿಗೆ ಮರಳಿದರು.

ಒಂದು ಮಾತನ್ನು ಮರೆಮಾಚಬಾರದು. ಆ 1830ರಲ್ಲಿಯೇ ಫ್ರಾನ್ಸ್ ಅಲ್ಜೀರ್ಸ್ ನಗರವನ್ನು ಗೆದ್ದುಕೊಂಡಿತು. ಮುಸ್ಲಿಂ ನಾಡೊಂದು ಪರರ ವಶವಾಗುತ್ತಿದ್ದಾಗ ಪ್ಯಾರಿಸಿನಲ್ಲೇ ಇದ್ದ ತಹ್ತಾವಿಯವರು ಅದನ್ನು ರಾಜಕೀಯ ಮತ್ತು ವ್ಯಾಪಾರದ ಜಗಳವೆಂಬಂತೆ ಬರೆದು ಮುಂದೆ ಸಾಗಿದರು. ಮೆಚ್ಚಿದ ಮನೆಯ ಹಿತ್ತಿಲಲ್ಲಿ ನಡೆಯುವುದು ಅತಿಥಿಗೆ ಕಾಣಿಸುವುದು ಕಷ್ಟ. ನಮಗೆ ಅವರಲ್ಲಿ ಕಂಡ ಕೊರತೆ ಇದು.

ಪುಸ್ತಕ ಮತ್ತು ಶಾಲೆ

1834ರಲ್ಲಿ ಕೈರೋದ ಬೂಲಾಕ್ ಸರಕಾರಿ ಮುದ್ರಣಾಲಯದಿಂದ ಅವರ ಪುಸ್ತಕ ಹೊರಬಂತು. ತಖ್ಲೀಸುಲ್ ಇಬ್ರೀಜ್ ಫೀ ತಲ್ಖೀಸಿ ಬಾರೀಜ್ ಎಂದು ಪ್ರಾಸಬದ್ಧವಾದ ಹೆಸರು. ಪ್ಯಾರಿಸಿನ ಸಾರದಿಂದ ಸೋಸಿ ತೆಗೆದ ಚಿನ್ನವೆಂದು ಅದರ ತಾತ್ಪರ್ಯ. ಹೆಸರೇ ಅವರ ರೀತಿಯನ್ನು ಹೇಳುತ್ತದೆ. ಮಣ್ಣನ್ನು ಮಣ್ಣೆಂದು ಬಿಟ್ಟು ಚಿನ್ನವನ್ನು ಮಾತ್ರ ಹೊತ್ತು ತರುವುದು. ಪಾಶಾ ಅದನ್ನು ತುರ್ಕಿ ಭಾಷೆಗೂ ಮಾಡಿಸಿ ಅಧಿಕಾರಿಗಳಿಗೆ ಹಂಚಿಸಿದ.

ಊರಿಗೆ ಬಂದ ಇಮಾಮರು ಮತ್ತೆ ಸೇನೆಯ ದಳಕ್ಕೆ ಹೋಗಲಿಲ್ಲ. ವೈದ್ಯಶಾಲೆಯಲ್ಲಿ, ತೋಪುಪಡೆಯ ಶಾಲೆಯಲ್ಲಿ ಭಾಷಾಂತರಕಾರರಾದರು. 1835ರಲ್ಲಿ ಅವರ ಸೂಚನೆಯಂತೆ ಭಾಷೆಗಳ ಶಾಲೆ ಸ್ಥಾಪನೆಯಾಯಿತು. ಪ್ಯಾರಿಸಿಗೆ ಹೋಗಲಾರದ ಸಾವಿರಾರು ಮಂದಿಗೆ ಪ್ಯಾರಿಸಿನ ವಿದ್ಯೆಯನ್ನು ಮನೆಯ ಭಾಷೆಯಲ್ಲೇ ಕೊಡುವುದು ಅದರ ಉದ್ದೇಶ. ಅವರೂ ಅವರ ಶಿಷ್ಯರೂ ಸೇರಿ ಭೂಗೋಳ, ಇತಿಹಾಸ, ಗಣಿತ, ಕಾನೂನು ಮೊದಲಾದ ವಿಷಯಗಳ ನೂರಾರು ಗ್ರಂಥಗಳನ್ನು ಅರಬಿಗೆ ತಂದರು. ಅರಬಿಯಲ್ಲಿ ಪದವಿಲ್ಲದ ವಸ್ತುಗಳಿಗೆ ಪದ ಹುಡುಕಿದರು. ಸಿಗದಾಗ ಫ್ರೆಂಚ್ ಮಾತನ್ನೇ ಅರಬಿ ಅಕ್ಷರದಲ್ಲಿ ಬರೆದು ಅರ್ಥ ಬಿಡಿಸಿದರು. 1842ರಿಂದ ಸರಕಾರಿ ಪತ್ರಿಕೆಯ ಸಂಪಾದಕತ್ವವೂ ಅವರ ಪಾಲಿಗೆ ಬಂದು, ಅದರಲ್ಲಿ ಅರಬಿಗೆ ಹೆಚ್ಚಿನ ಸ್ಥಾನ ದೊರೆಯಿತು.

ಖಾರ್ತೂಮಿನ ನಾಲ್ಕು ವರ್ಷ

ಏರಿದವರಿಗೆ ಇಳಿತವೂ ಉಂಟು. ಮುಹಮ್ಮದ್ ಅಲಿಯ ನಂತರ ಪಟ್ಟಕ್ಕೆ ಬಂದ ಅಬ್ಬಾಸನಿಗೆ ಈ ಹೊಸ ವಿದ್ಯೆಯೆಲ್ಲ ಬೇಡವಾಗಿತ್ತು. ಭಾಷೆಗಳ ಶಾಲೆ ಮುಚ್ಚಿತು. 1850ರಲ್ಲಿ ತಹ್ತಾವಿಯವರನ್ನು ಸೂಡಾನಿನ ಖಾರ್ತೂಮಿಗೆ ಒಂದು ಪ್ರಾಥಮಿಕ ಶಾಲೆಯ ಮುಖ್ಯಸ್ಥರನ್ನಾಗಿ ಕಳುಹಿಸಿದರು. ಕಾಗದದಲ್ಲಿ ಅದು ನೇಮಕ, ನಿಜದಲ್ಲಿ ಗಡೀಪಾರು. ಜತೆಗೆ ಹೋದವರಲ್ಲಿ ಹಲವರು ಅಲ್ಲಿಯೇ ತೀರಿಕೊಂಡರು. ಅಂಥ ದಿನಗಳಲ್ಲಿಯೂ ಅವರು ಕೈಕಟ್ಟಿ ಕೂರಲಿಲ್ಲ. ಫ್ರೆಂಚ್ ಲೇಖಕ ಫೆನೆಲೋನನ ತೆಲೆಮಾಕ್ ಎಂಬ ಕೃತಿಯನ್ನು ಅರಬಿಗೆ ತಿರುಗಿಸಿದರು. ಒಬ್ಬ ರಾಜಕುಮಾರನಿಗೆ ನ್ಯಾಯವಾಗಿ ಆಳುವ ಪಾಠ ಹೇಳುವ ಕತೆ ಅದು. ಗಡೀಪಾರಾದ ಮೇಷ್ಟ್ರು ಆ ಪುಸ್ತಕವನ್ನೇ ಆರಿಸಿದ್ದರಲ್ಲಿ ಅರ್ಥವಿದೆ. ದೊರೆಗೆ ನೇರವಾಗಿ ಹೇಳಲಾಗದ್ದನ್ನು ಭಾಷಾಂತರದ ಮೂಲಕ ಹೇಳಿದರೆಂದು ನಮ್ಮ ಅನಿಸಿಕೆ.

1854ರಲ್ಲಿ ದೊರೆ ಬದಲಾದಾಗ ಕೈರೋಕ್ಕೆ ಮರಳಿದರು. ಮುಂದೆ ಇಸ್ಮಾಯಿಲನ ಕಾಲದಲ್ಲಿ ಭಾಷಾಂತರ ಕಚೇರಿಯ ಹೊಣೆ ಮತ್ತೆ ಬಂತು. ಫ್ರಾನ್ಸಿನ ನಾಗರಿಕ ಸಂಹಿತೆ ಅರಬಿಗೆ ಬಂದದ್ದು ಆಗ. 1870ರಲ್ಲಿ ಶಾಲೆಗಳಿಗಾಗಿ ಹೊರಟ ರೌದತುಲ್ ಮದಾರಿಸ್ ಪತ್ರಿಕೆಗೆ ಸಂಪಾದಕರಾದರು. ಜೀವನದ ಕೊನೆಗಾಲದಲ್ಲಿ ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳಿಗೂ ವಿದ್ಯೆ ಬೇಕೆಂದು ಒಂದು ಗ್ರಂಥ ಬರೆದರು. ಇದು ಬರಿಯ ಉಪದೇಶವಾಗಿರಲಿಲ್ಲ. ತಾವು ಇನ್ನೊಬ್ಬ ಹೆಂಡತಿಯನ್ನಾಗಲಿ ದಾಸಿಯನ್ನಾಗಲಿ ಇಟ್ಟುಕೊಳ್ಳುವುದಿಲ್ಲವೆಂದು ತಮ್ಮ ಪತ್ನಿಗೆ ಬರೆದುಕೊಟ್ಟ ಮುಚ್ಚಳಿಕೆ ಪ್ರಸಿದ್ಧವಾದದ್ದು. 1873ರ ಮೇ 27ರಂದು ಕೈರೋದಲ್ಲಿ ನಿಧನರಾದರು. ಅದೇ ವರ್ಷ ಕೈರೋದಲ್ಲಿ ಸರಕಾರದ ಆಶ್ರಯದ ಮೊದಲ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಅವರ ಭಾಷೆಗಳ ಶಾಲೆಯ ಹೆಸರು ಇಂದಿಗೂ ಉಳಿದಿದೆ. ಕೈರೋದ ಐನ್ ಶಮ್ಸ್ ವಿಶ್ವವಿದ್ಯಾನಿಲಯದ ಭಾಷಾ ವಿಭಾಗ ಅಲ್ ಅಲ್ಸುನ್ ಎಂಬ ಆ ಹೆಸರನ್ನೇ ಹೊತ್ತಿದೆ.

ನೂರು ವರ್ಷಗಳ ಬಳಿಕ

ತಹ್ತಾವಿಯವರು ಪ್ಯಾರಿಸಿಗೆ ಹೋದದ್ದು 1826ರಲ್ಲಿ. ಸರಿಯಾಗಿ ನೂರು ವರ್ಷಗಳ ನಂತರ, 1926ರ ಜುಲೈ 15ರಂದು ಆ ನಗರದಲ್ಲಿ ದೊಡ್ಡ ಮಸೀದಿಯ ಉದ್ಘಾಟನೆಯಾಯಿತು. ಫ್ರಾನ್ಸಿನ ರಾಷ್ಟ್ರಾಧ್ಯಕ್ಷರೂ ಮೊರಾಕ್ಕೋದ ಸುಲ್ತಾನರೂ ಬಂದಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಮಡಿದ ಮುಸ್ಲಿಂ ಸೈನಿಕರ ನೆನಪಿಗೆ ಕಟ್ಟಿಸಿದ ಮಸೀದಿ ಅದು. ಆ ಸೈನಿಕರಲ್ಲಿ ಬಹುಮಂದಿ ಅಲ್ಜೀರಿಯಾ ಮುಂತಾದ, ಫ್ರಾನ್ಸ್ ಗೆದ್ದ ನಾಡುಗಳವರು. ಅಂದು ತಹ್ತಾವಿಯವರ ಕಣ್ಣಿಗೆ ದೊಡ್ಡದಾಗಿ ಕಾಣದ ಆ ಯುದ್ಧದ ಲೆಕ್ಕ ಹೀಗೆ ತಿರುಗಿ ಬಂತು. ಮಸೀದಿಯ ಆವರಣದಲ್ಲೇ ಬಿಸಿನೀರಿನ ಹಮಾಮುಂಟು, ಊಟದ ಮನೆಯುಂಟು, ಪುದೀನ ಚಹಾ ಕೊಡುವ ಅಂಗಳವುಂಟು. ಶೇಖರಿಗೆ ಕೊರತೆಯೆನಿಸಿದ್ದೆಲ್ಲವೂ ಒಂದೇ ಗೋಡೆಯೊಳಗೆ ಸೇರಿದೆ.

ದೇಶ ಸುತ್ತಬೇಕು, ಕೋಶ ಓದಬೇಕೆಂಬ ಮಾತು ನಮ್ಮಲ್ಲಿದೆ. ಈ ಇಮಾಮರು ದೇಶವನ್ನೂ ಸುತ್ತಿದರು, ಕೋಶವನ್ನೂ ಓದಿದರು, ಓದಿದ್ದನ್ನು ತಮ್ಮ ಭಾಷೆಗೆ ತಂದು ಊರಿಗೆ ಹಂಚಿದರು. ಐದು ವರ್ಷ ಪರರ ಮೇಜಿನಲ್ಲಿ ಉಂಡರೂ ತಮ್ಮ ನಿಷ್ಠೆ ಬಿಡಲಿಲ್ಲ. ನಿಷ್ಠೆ ಬಿಡದಿದ್ದರೂ ಆ ಮೇಜನ್ನು ಹೀಗಳೆಯಲಿಲ್ಲ. ಒಂದು ಭಾಷೆ ಮನೆಯಲ್ಲಿ, ಇನ್ನೊಂದು ಪೇಟೆಯಲ್ಲಿ, ಮತ್ತೊಂದು ಕಚೇರಿಯಲ್ಲಿ ಎಂಬಂತೆ ಬಾಳುವ ನಮ್ಮ ಜಿಲ್ಲೆಯವರಿಗೆ ಅವರ ಜೀವನ ದೂರದ ಕತೆಯೆನಿಸಲಾರದು. ಪರರದನ್ನು ಕಲಿಯಲು ತನ್ನದನ್ನು ಬಿಡಬೇಕಾಗಿಲ್ಲ. ತನ್ನದನ್ನು ಉಳಿಸಿಕೊಳ್ಳಲು ಪರರದನ್ನು ದೂರವಿಡಬೇಕಾಗಿಯೂ ಇಲ್ಲ. ಊರು ಬಿಟ್ಟು ಹೊರಡುವ ನಮ್ಮ ಮಕ್ಕಳ ಚೀಲದಲ್ಲಿ ಉಪ್ಪಿನಕಾಯಿಯ ಭರಣಿಯೊಂದಿಗೆ ಈ ಮಾತನ್ನೂ ಇರಿಸಿ ಕಳುಹಿಸಿದರೆ ಒಳ್ಳೆಯದು.